ಕಪ್ಪು ಮಷಿನ್ನಾ, ಜಿಗ್‌ಜ್ಯಾಗ್ ಮಷಿನ್ನಾ? ಒಂದೇ ಬ್ಲೌಸನ್ನು ಎರಡರಲ್ಲೂ ಹೊಲಿದು ನೋಡಿದೆ

ಕಳೆದ ತಿಂಗಳು ನಾದಿನಿ ಫೋನ್ ಮಾಡಿದ್ದಳು. "ಅತ್ತಿಗೆ, 10 ಸಾವಿರದೊಳಗೆ ಒಂದು ಹೊಲಿಗೆ ಮಷಿನ್ ಹೇಳಿ" ಎಂದಳು. ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ಐದು ತಿಂಗಳು ಮುಟ್ಟದೆ ಕೂಡಿಟ್ಟಿದ್ದಾಳೆ. ತಪ್ಪು ಮಷಿನ್ ತಂದರೆ ಮತ್ತೆ ಐದು ತಿಂಗಳು ಕಾಯಬೇಕು. ಹಾಗಾಗಿ ಬಾಯಿಗೆ ಬಂದ ಹೆಸರು ಹೇಳಲು ಮನಸ್ಸಾಗಲಿಲ್ಲ. "ಒಂದು ವಾರ ಟೈಮ್ ಕೊಡು, ಹೊಲಿದು ನೋಡಿ ಹೇಳುತ್ತೇನೆ" ಎಂದೆ.

ನಮ್ಮ ಮನೆಯಲ್ಲಿ ಎರಡು ಮಷಿನ್ ಇವೆ. ಒಂದು ಅಮ್ಮನಿಂದ ಬಂದ ಕಪ್ಪು ಪೆಡಲ್ ಮಷಿನ್. ಅದರಲ್ಲಿ ನೇರ ಹೊಲಿಗೆ ಮಾತ್ರ. ಇನ್ನೊಂದು ನಾಲ್ಕು ವರ್ಷದ ಹಿಂದೆ ನಾನೇ ಕೊಂಡ, ಕರೆಂಟಿನಲ್ಲಿ ಓಡುವ ಬಿಳಿ ಜಿಗ್‌ಜ್ಯಾಗ್ ಮಷಿನ್. ಇದು ನೇರ ಹೊಲಿಗೆಯ ಜೊತೆ ಅಂಕುಡೊಂಕು ಹೊಲಿಗೆಯನ್ನೂ ಹಾಕುತ್ತದೆ. ಮನೆಯವರ ಬಟ್ಟೆಯ ಜೊತೆಗೆ ಅಕ್ಕಪಕ್ಕದವರ ನಾಲ್ಕೈದು ಬ್ಲೌಸ್ ವಾರಕ್ಕೆ ಹೊಲಿಯುತ್ತೇನೆ. ಇವೆರಡನ್ನೂ ದಿನಾ ಮುಟ್ಟುತ್ತೇನೆ ನಿಜ, ಆದರೆ ಪಕ್ಕಪಕ್ಕ ಇಟ್ಟು ಒಂದೇ ಕೆಲಸ ಕೊಟ್ಟಿರಲಿಲ್ಲ. ಈ ಸಲ ಕೊಟ್ಟೆ. ಒಂದೇ ತಾನಿನ ಟು ಬೈ ಟು ರುಬಿಯಾ (ಬ್ಲೌಸಿಗೆ ಬಳಸುವ ಬಟ್ಟೆ) ತಂದು, ಒಂದೇ ಅಳತೆಗೆ ಎರಡು ಕ್ರಾಸ್ ಕಟ್ ಬ್ಲೌಸ್ ಕತ್ತರಿಸಿದೆ. ಲೈನಿಂಗ್, ದಾರ, 14ನೇ ನಂಬರ್ ಸೂಜಿ ಎಲ್ಲ ಒಂದೇ.

ಇವೆರಡರ ಕಡೆ ಹೋಗುವ ಮುಂಚೆ ಮಿನಿ ಮಷಿನ್ ವಿಷಯ ಬೇಗ ಮುಗಿಸುತ್ತೇನೆ. ಕಡಿಮೆ ಬೆಲೆ ಎಂದ ಕೂಡಲೇ ಮೊಬೈಲ್‌ನಲ್ಲಿ ಮೊದಲು ಕಾಣುವುದು ಅದೇ ಅಲ್ವಾ? ನಾನೂ ಒಂದು ತರಿಸಿದ್ದೆ, 1,600 ರೂಪಾಯಿಗೆ. ನಾಲ್ಕು ಪೆನ್ಸಿಲ್ ಸೆಲ್ ಅಥವಾ ಅಡಾಪ್ಟರ್‌ನಲ್ಲಿ ಓಡುತ್ತದೆ. ತೆಳು ಹತ್ತಿ ಬಟ್ಟೆ ಎರಡು ಪದರ ಇದ್ದರೆ ಅಡ್ಡಿಲ್ಲ. ಬ್ಲೌಸಿನ ಭುಜದ ಹತ್ತಿರ ಬಟ್ಟೆ, ಲೈನಿಂಗ್, ಕುತ್ತಿಗೆ ಪಟ್ಟಿ ಎಲ್ಲ ಸೇರಿ ಆರು ಪದರವಾಗುತ್ತದೆ. ಅಲ್ಲಿ ಸೂಜಿ ಇಳಿಯದೆ ಗೊರ್ ಎಂದು ನಿಂತುಬಿಟ್ಟಿತು. ಮೂರು ತಿಂಗಳಿಗೆ ಒಳಗಿನ ಪ್ಲಾಸ್ಟಿಕ್ ಹಲ್ಲುಚಕ್ರ ಸವೆಯಿತು. ಮಾರಿದವರು ಫೋನ್ ಎತ್ತಲಿಲ್ಲ. ಸ್ಟೇಪ್ಲರ್ ತರಹ ಕೈಯಲ್ಲಿ ಹಿಡಿದು ಒತ್ತುವ ಇನ್ನೊಂದು ಬರುತ್ತದೆ. ಅದರಲ್ಲಿ ಕೆಳಗಿನ ದಾರ ಸುತ್ತಿಡುವ ಬಾಬಿನ್ನೇ ಇಲ್ಲ, ಒಂದೇ ದಾರದ ಸರಪಳಿ ಹೊಲಿಗೆ. ತುದಿಯ ಗಂಟು ಸಡಿಲಾದರೆ ಇಡೀ ಸಾಲು ಸರ್ರನೆ ಬಿಚ್ಚಿಕೊಳ್ಳುತ್ತದೆ. ಮಕ್ಕಳ ಯೂನಿಫಾರ್ಮಿಗೆ ಅಂಥದ್ದನ್ನು ನಂಬಬೇಡಿ.

ಈಗ ಕಪ್ಪು ಮಷಿನ್. ಅಮ್ಮನ ಮಷಿನ್ ನನಗೆ ಸಿಕ್ಕಾಗ ಚಕ್ರವೇ ತಿರುಗುತ್ತಿರಲಿಲ್ಲ. ಎಲ್ಲರೂ ಗುಜರಿಗೆ ಹಾಕು ಎಂದರು. ಮೆಕ್ಯಾನಿಕ್ ಬಂದು ಮೂಸಿ ನೋಡಿ, "ಕೊಬ್ಬರಿ ಎಣ್ಣೆ ಬಿಟ್ಟಿದ್ದೀರಿ" ಎಂದರು. ನಮ್ಮ ತೀರ್ಥಹಳ್ಳಿ ಕಡೆ ಚಳಿಗಾಲದಲ್ಲಿ ಬಾಟಲಿಯಲ್ಲೇ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದೆ. ಮಷಿನ್ ಒಳಗೂ ಅಷ್ಟೇ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಧೂಳಿನ ಜೊತೆ ಸೇರಿ ಅಂಟಾಗುತ್ತದೆ. ಅವರು ಎಲ್ಲ ತೂತುಗಳಿಗೂ ಸೀಮೆಎಣ್ಣೆ ಬಿಟ್ಟು, ಒಂದು ರಾತ್ರಿ ಇಟ್ಟು, ಬೆಳಿಗ್ಗೆ ಒರೆಸಿ ನೀರಿನಂಥ ಮಷಿನ್ ಎಣ್ಣೆ ಹಾಕಿದರು. ಚಕ್ರ ಸಲೀಸಾಗಿ ತಿರುಗಿತು. ಬಾಬಿನ್ ಕೇಸ್ ಹೊಸದು, ಚರ್ಮದ ಬೆಲ್ಟ್ ಹೊಸದು. ಒಟ್ಟು ಖರ್ಚು 650 ರೂಪಾಯಿ. ಆಮೇಲೆ ಇವತ್ತಿನವರೆಗೆ ಅದು ನನ್ನ ಕೈಬಿಟ್ಟಿಲ್ಲ.

ಅದಕ್ಕೆ ಕಾರಣವಿದೆ. ಉಷಾ, ಸಿಂಗರ್, ಮೆರಿಟ್, ಲೋಕಲ್ ಕಂಪನಿ, ಹೆಸರು ಏನೇ ಇರಲಿ, ಈ ಕಪ್ಪು ಮಷಿನ್‌ಗಳಲ್ಲಿ ಬಹಳಷ್ಟು ಸಿಂಗರ್ 15 ಎಂಬ ನೂರು ವರ್ಷಕ್ಕೂ ಹಳೆಯ ಮಾದರಿಯಿಂದ ಬಂದವು. ಹಾಗಾಗಿ ಬಾಬಿನ್, ಶಟಲ್, ಸೂಜಿ, ಫುಟ್ ಎಲ್ಲ ಚಿಕ್ಕ ಊರಿನ ಅಂಗಡಿಯಲ್ಲೂ ಸಿಗುತ್ತವೆ. ರಿಪೇರಿ ಬಲ್ಲವರೂ ಊರೂರಿಗೆ ಇದ್ದಾರೆ. ಮಷಿನ್ ಕೊಳ್ಳುವಾಗ ಇದು ಯಾರಿಗೂ ಹೊಳೆಯುವುದಿಲ್ಲ. ಕೆಟ್ಟ ದಿನ ಹೊಳೆಯುತ್ತದೆ.

ಜಿಗ್‌ಜ್ಯಾಗ್ ಮಷಿನ್ ಕೊಂಡಾಗ ನನಗೆ ಆಗಿದ್ದು ಹೀಗೆ. ಮೊದಲ ಎರಡು ವರ್ಷ ಒಂದು ದೂರೂ ಇರಲಿಲ್ಲ. ಆಮೇಲೆ ಒಂದು ದಿನ ದಪ್ಪ ಪರದೆ ಹೊಲಿಯುವಾಗ ಸೂಜಿ ಮುರಿದು, ಅಲ್ಲಿಂದ ಹೊಲಿಗೆ ಬಿಟ್ಟುಬಿಟ್ಟು ಬೀಳತೊಡಗಿತು. ಸೂಜಿ ಕೆಳಗೆ ಬಂದಾಗ ಶಟಲ್‌ನ ಮೊನೆ ಸರಿಯಾದ ಹೊತ್ತಿಗೆ ಬಂದು ದಾರದ ಕುಣಿಕೆ ಹಿಡಿಯಬೇಕು. ಅದರ ಹೊಂದಾಣಿಕೆ ತಪ್ಪಿತ್ತು. ನಮ್ಮ ಮೆಕ್ಯಾನಿಕ್ ಮುಚ್ಚಳ ತೆಗೆದು ನೋಡಿ, "ಇದು ನನ್ನ ಕೈಲಾಗುವುದಿಲ್ಲ, ಶಿವಮೊಗ್ಗಕ್ಕೆ ಕೊಡಿ" ಎಂದರು. ಮೂರು ವಾರ ಮಷಿನ್ ಅಲ್ಲೇ ಇತ್ತು. ಮದುವೆ ಸೀಸನ್ ಬೇರೆ. ಆ ಮೂರು ವಾರವೂ ಅಮ್ಮನ ಮಷಿನ್ನೇ ದುಡಿಯಿತು.

ಇಷ್ಟಾದರೂ ಬಿಳಿ ಮಷಿನ್ ಬಗ್ಗೆ ನನಗೆ ಬೇಜಾರಿಲ್ಲ. ಕೆಲವು ಕೆಲಸ ಅದರಲ್ಲೇ ಆಗಬೇಕು. ಮೊದಲನೆಯದು ಅಂಚು. ರೇಯಾನ್ ಕುರ್ತಿ ಒಳಗಿನ ಅಂಚು ನಾಲ್ಕು ಸಲ ಒಗೆಯುವಷ್ಟರಲ್ಲಿ ಎಳೆ ಬಿಚ್ಚಿಕೊಂಡು ಹೊಲಿಗೆವರೆಗೂ ಬಂದುಬಿಡುತ್ತದೆ. ಜಿಗ್‌ಜ್ಯಾಗ್ ಓಡಿಸಿದರೆ ಅಲ್ಲಿಗೇ ನಿಲ್ಲುತ್ತದೆ. ಎರಡನೆಯದು ಹಿಗ್ಗುವ ಬಟ್ಟೆ. ಮಗನ ಟೀ ಶರ್ಟ್ ಅಂಚನ್ನು ಕಪ್ಪು ಮಷಿನ್‌ನಲ್ಲಿ ಮಡಚಿ ಹೊಲಿದೆ. ಅವನು ತಲೆ ತೂರಿಸಿ ಎಳೆದ ಕೂಡಲೇ ದಾರ ಪಟ್ ಎಂದು ಹರಿಯಿತು. ನೇರ ಹೊಲಿಗೆಗೆ ಹಿಗ್ಗಲು ಜಾಗವೇ ಇಲ್ಲ. ಜಿಗ್‌ಜ್ಯಾಗ್ ಹೊಲಿಗೆ ಬಟ್ಟೆಯ ಜೊತೆಗೇ ಹಿಗ್ಗುತ್ತದೆ. ಮೊನೆ ದುಂಡಗಿರುವ ಬಾಲ್ ಪಾಯಿಂಟ್ ಸೂಜಿ ಹಾಕಿದರೆ ಟೀ ಶರ್ಟಿಗೆ ತೂತೂ ಬೀಳುವುದಿಲ್ಲ. ಮೂರನೆಯದು ಗುಂಡಿಮನೆ. ಕೈಯಲ್ಲಿ ಒಂದು ಗುಂಡಿಮನೆಗೆ ಹತ್ತು ನಿಮಿಷ ಬೇಕು, ಇದರಲ್ಲಿ ಎರಡು ನಿಮಿಷ. ಮುಂದಿನ ಡಬ್ಬಿ ಎಳೆದು ತೆಗೆದರೆ ಕಿರಿದಾದ ತೋಳು ಉಳಿಯುತ್ತದೆ. ಪ್ಯಾಂಟ್ ಕಾಲು, ಬ್ಲೌಸಿನ ತೋಳು ಅದಕ್ಕೆ ತೂರಿಸಿ ಸುತ್ತಲೂ ಹೊಲಿಯಬಹುದು. ಕಪ್ಪು ಮಷಿನ್‌ನಲ್ಲಿ ಅದೇ ಕೆಲಸಕ್ಕೆ ಬಟ್ಟೆಯನ್ನು ಒಳಹೊರಗೆ ಮಾಡಿ ಪಡುವ ಪಾಡು ಹೊಲಿದವರಿಗೇ ಗೊತ್ತು.

ಇನ್ನು ಬ್ಲೌಸ್. ಇದಕ್ಕೇ ನಾನು ಜಾಸ್ತಿ ಹೊತ್ತು ಕೊಟ್ಟಿದ್ದು.

ರುಬಿಯಾ ಬ್ಲೌಸ್ ಎರಡರಲ್ಲೂ ಚೆನ್ನಾಗಿ ಬಂತು. ಜಿಗ್‌ಜ್ಯಾಗ್‌ನಲ್ಲಿ ಒಂದು ಗಂಟೆ 40 ನಿಮಿಷ, ಪೆಡಲ್‌ನಲ್ಲಿ ಎರಡು ಗಂಟೆ 10 ನಿಮಿಷ. ಕಾಲು ತುಳಿಯುವ ಹೊತ್ತು ಅಷ್ಟೇ ವ್ಯತ್ಯಾಸ. ಆದರೆ ಒಳಗಿನ ಹೊಲಿಗೆ ಪಕ್ಕಪಕ್ಕ ಹಿಡಿದು ನೋಡಿದರೆ ಕಪ್ಪು ಮಷಿನ್‌ನದು ಗೆರೆ ಎಳೆದ ಹಾಗಿದೆ. ಬಿಳಿಯದರಲ್ಲಿ ಪ್ರತಿ ಹೊಲಿಗೆಯೂ ಒಂಚೂರು ವಾರೆ. ದೂರದಿಂದ ಕಾಣುವುದಿಲ್ಲ. ಕುತ್ತಿಗೆಯ ಪೈಪಿಂಗ್ ಪಕ್ಕದಲ್ಲಿ ಮಾತ್ರ ಕಾಣುತ್ತದೆ.

ಆಮೇಲೆ ಒಂದು ಕ್ರೇಪ್ ಸಿಲ್ಕ್ ಬ್ಲೌಸ್ ಪೀಸ್ ತೆಗೆದುಕೊಂಡೆ. ಸೂಜಿ 11ಕ್ಕೆ ಬದಲಿಸಿದೆ. ಬಿಳಿ ಮಷಿನ್ ಮೊದಲ ಹೊಲಿಗೆಯಲ್ಲೇ ಬಟ್ಟೆಯ ಮೂಲೆಯನ್ನು ತಿಂದುಹಾಕಿತು. ಅಂದರೆ ಬಟ್ಟೆ ಸೂಜಿಯ ಜೊತೆ ತೂತಿನೊಳಗೆ ಇಳಿದು, ಕೆಳಗಿನ ದಾರದಲ್ಲಿ ಸಿಕ್ಕಿ ಗುಂಜಾಯಿತು. ಇದು ಮಷಿನ್ ಕೆಟ್ಟಿದ್ದಲ್ಲ. ಜಿಗ್‌ಜ್ಯಾಗ್‌ನಲ್ಲಿ ಸೂಜಿ ಎಡಕ್ಕೂ ಬಲಕ್ಕೂ ಓಡಾಡಬೇಕು. ಅದಕ್ಕೆ ಸೂಜಿ ಇಳಿಯುವ ಪ್ಲೇಟಿನ ತೂತು ಅಗಲವಾಗಿರುತ್ತದೆ. ತೆಳು ಬಟ್ಟೆಗೆ ಅಲ್ಲಿ ಆಧಾರವಿಲ್ಲ. ಕಪ್ಪು ಮಷಿನ್‌ನ ತೂತು ಸೂಜಿ ಹಿಡಿಯುವಷ್ಟೇ, ಗುಂಡಗೆ. ಬಟ್ಟೆ ಕೆಳಗಿಳಿಯಲು ಜಾಗವಿಲ್ಲ. ಅದೇ ಕ್ರೇಪನ್ನು ಅದರಲ್ಲಿ ಹಾಕಿದರೆ ಒಂದು ಸುಕ್ಕೂ ಇಲ್ಲದೆ ಹೋಯಿತು.

ಬಿಳಿ ಮಷಿನ್ ಇರುವವರು ಹೆದರಬೇಕಿಲ್ಲ. ಶುರುವಿನಲ್ಲಿ ಎರಡೂ ದಾರದ ತುದಿಗಳನ್ನು ಹಿಂದಕ್ಕೆ ಬಿಗಿಯಾಗಿ ಹಿಡಿದುಕೊಳ್ಳಿ. ಬಟ್ಟೆಯ ಕೆಳಗೆ ನ್ಯೂಸ್‌ಪೇಪರ್ ಬೇಡ, ಮಸಿ ಹತ್ತುತ್ತದೆ. ಬಿಳಿ ತೆಳು ಕಾಗದ ಇಟ್ಟು ಹೊಲಿದು ಆಮೇಲೆ ಹರಿದುಹಾಕಿ. ನಾನು ಹೀಗೇ ಮಾಡಿ ಆ ಬ್ಲೌಸ್ ಮುಗಿಸಿದೆ. ಆದರೆ ವಾರಕ್ಕೆ ನಾಲ್ಕು ಬ್ಲೌಸಿಗೆ ಹಾಗೆ ಕಾಗದ ಇಡುತ್ತಾ ಕೂರಲು ಆಗುತ್ತಾ?

ದಪ್ಪ ಬಟ್ಟೆಯಲ್ಲಿ ಕಪ್ಪು ಮಷಿನ್ ಇನ್ನೂ ಮುಂದೆ. ಜೀನ್ಸ್ ಅಂಚನ್ನು ಮಡಚಿದಾಗ ಪಕ್ಕದ ಹೊಲಿಗೆ ಬರುವ ಕಡೆ ಎಂಟು ಪದರ ಆಯಿತು. 18ನೇ ನಂಬರ್ ಸೂಜಿ ಹಾಕಿ, ಚಕ್ರವನ್ನು ಕೈಯಲ್ಲಿ ತಿರುಗಿಸುತ್ತಾ ದಾಟಿಸಿದೆ. ಬಿಳಿಯದರಲ್ಲಿ ಅದೇ ಜಾಗದಲ್ಲಿ ಮೋಟಾರ್ ಮುಲುಗಿತು, ನಾನು ಅಲ್ಲಿಗೇ ಬಿಟ್ಟೆ. ಹಳೇ ಸೀರೆಗಳ ಕೌದಿಯನ್ನಂತೂ ಬಿಳಿಯದರ ಹತ್ತಿರವೂ ತರಲಿಲ್ಲ.

ಕರೆಂಟಿನ ಮಾತು ಹೇಳಲೇಬೇಕು. ಜೂನ್‌ನಿಂದ ಜಡಿಮಳೆ ಹಿಡಿಯಿತೆಂದರೆ ಒಂದು ಮರ ಲೈನ್ ಮೇಲೆ ಬಿದ್ದರೆ ಸಾಕು, ಎರಡು ದಿನ ಕರೆಂಟಿಲ್ಲ. ಬಿಳಿ ಮಷಿನ್‌ಗೆ ಅಷ್ಟೂ ದಿನ ರಜೆ. ಪೆಡಲ್ ಮಷಿನ್ ಕಿಟಕಿ ಪಕ್ಕಕ್ಕೆ ಎಳೆದುಕೊಂಡರೆ ಕೆಲಸ ಸಾಗುತ್ತದೆ. ಮಳೆಗಾಲದಲ್ಲಿ ಅದಕ್ಕೂ ಆರೈಕೆ ಬೇಕು. ಚರ್ಮದ ಬೆಲ್ಟ್ ಸಡಿಲಾಗುತ್ತದೆ, ಒಂದು ಬೆರಳಷ್ಟು ಕತ್ತರಿಸಿ ಮತ್ತೆ ಪಿನ್ ಹಾಕಬೇಕು. ಬಾಬಿನ್ ಕೇಸ್‌ಗೆ ತುಕ್ಕು ಹತ್ತುತ್ತದೆ. ನಾನು ಸಂಜೆ ಅದನ್ನು ಬಿಚ್ಚಿ, ಒಂದು ಹನಿ ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿ ಇಡುತ್ತೇನೆ. ಬೆಳಿಗ್ಗೆ ಹಳೇ ಬಟ್ಟೆಯ ಮೇಲೆ ಎರಡು ಸಾಲು ಓಡಿಸಿದ ಮೇಲೆಯೇ ಬ್ಲೌಸ್ ಮುಟ್ಟುವುದು. ಇಲ್ಲದಿದ್ದರೆ ಎಣ್ಣೆ ಕಲೆ ಆಗುತ್ತದೆ.

ಮಂಡಿನೋವು ಇರುವವರು ಪೆಡಲ್ ಎಂದ ಕೂಡಲೇ ಬೇಡ ಎನ್ನುತ್ತಾರೆ. ಅವರಿಗೆ ದಾರಿ ಇದೆ. ಕಪ್ಪು ಮಷಿನ್‌ನ ಹಿಂದೆ ಚಿಕ್ಕ ಮೋಟಾರ್ ಕೂರಿಸಬಹುದು. ನಾನು ಹೋದ ವರ್ಷ ಕೂರಿಸಿದೆ, ಕೂಲಿ ಸೇರಿ 1,900 ಆಯಿತು. ಕರೆಂಟ್ ಹೋದರೆ ಮೋಟಾರ್ ಬೆಲ್ಟ್ ತೆಗೆದು ಚರ್ಮದ ಬೆಲ್ಟ್ ಏರಿಸಿದರೆ ಮತ್ತೆ ಪೆಡಲ್. ಎರಡು ನಿಮಿಷದ ಕೆಲಸ. ಮೊದಲ ದಿನ ಕಾಲಿಟ್ಟ ಕೂಡಲೇ ಧಡ್ ಎಂದು ಓಡುತ್ತದೆ. ಹಾಗಾಗಿ ದಾರ ಹಾಕದೆ, ರೂಲ್ ಕಾಗದದ ಗೆರೆ ಮೇಲೆ ಓಡಿಸಿ ಕಾಲನ್ನು ಪಳಗಿಸಿಕೊಳ್ಳಿ.

ಬಿಳಿ ಮಷಿನ್ ಗೆಲ್ಲುವ ಇನ್ನೊಂದು ಕಡೆ ಜಾಗ. ಆರೇಳು ಕಿಲೋ ತೂಕ, ಕೆಲಸ ಮುಗಿದ ಮೇಲೆ ಕಪಾಟಿನಲ್ಲಿ ಇಡಬಹುದು. ಬೆಂಗಳೂರಿನಲ್ಲಿ ಒಂದು ಬೆಡ್‌ರೂಮಿನ ಮನೆಯಲ್ಲಿರುವ ನನ್ನ ತಂಗಿಗೆ ನಾನು ಹೇಳಿದ್ದೂ ಅದನ್ನೇ. ಅವಳು ಬ್ಲೌಸ್ ಹೊಲಿಯುವುದಿಲ್ಲ. ಕುರ್ತಿ ಅಳತೆ ಕಮ್ಮಿ ಮಾಡುವುದು, ಮಗಳ ಫ್ರಾಕ್, ಸೀರೆ ಅಂಚಿಗೆ ಜಿಗ್‌ಜ್ಯಾಗ್, ಅಷ್ಟೇ. ಅವಳಿಗೆ ಅದು ಸರಿಯಾದ ಮಷಿನ್. ಅಂಗಡಿಯವರು 7 ಹೊಲಿಗೆಯದು, 13ರದು, 21ರದು ಎಂದು ಮೇಲಕ್ಕೆ ಏರಿಸುತ್ತಾ ಹೋಗುತ್ತಾರೆ. ನಾಲ್ಕು ವರ್ಷದಲ್ಲಿ ನಾನು ಬಳಸಿದ್ದು ನೇರ ಹೊಲಿಗೆ, ಜಿಗ್‌ಜ್ಯಾಗ್, ಗುಂಡಿಮನೆ. ಹೂಬಳ್ಳಿ ಹೊಲಿಗೆಗೆಂದು ಸುಮ್ನೆ ಮೂರು ಸಾವಿರ ಜಾಸ್ತಿ ಕೊಡಬೇಡಿ.

ಗೆಳತಿಯ ಮನೆಯ ಪವರ್ ಮಷಿನ್‌ನಲ್ಲೂ (ಗಾರ್ಮೆಂಟ್ಸ್‌ನಲ್ಲಿ ಬಳಸುವ ವೇಗದ ಮಷಿನ್) ಒಂದು ಬ್ಲೌಸ್ ಹೊಲಿದೆ. ಅವಳು ಉಜಿರೆಯ ರುಡ್‌ಸೆಟ್ ತರಬೇತಿ ಸಂಸ್ಥೆಯಲ್ಲಿ ಊಟ ವಸತಿ ಸಮೇತ ಉಚಿತವಾಗಿ ಕಲಿತು ಬಂದು, ಈಗ ದಿನಕ್ಕೆ ಆರು ಬ್ಲೌಸ್ ಮಾಡುತ್ತಾಳೆ. ನಿಮಿಷಕ್ಕೆ 5,000 ಹೊಲಿಗೆವರೆಗೆ ಓಡುವ ಮಷಿನ್ ಅದು. ನನಗೆ 55 ನಿಮಿಷ ಸಾಕಾಯಿತು. ಕಾಲೊತ್ತಿದಾಗ ಮಾತ್ರ ತಿರುಗುವ ಸರ್ವೋ ಮೋಟಾರ್ ಆದ್ದರಿಂದ ಸದ್ದೂ ಇಲ್ಲ. ಆದರೆ 25 ಸಾವಿರದ ಆಸುಪಾಸು, ಮಂಚದಷ್ಟು ಜಾಗ, ಪೂರ್ತಿ ಕರೆಂಟಿನ ಮೇಲೆ ಅವಲಂಬನೆ. ಸೂಜಿಯೂ ಬೇರೆ. ಮನೆ ಮಷಿನ್‌ಗೆ ಹೋಗುವ ಎಚ್‌ಎ ಸೂಜಿಯ ಬುಡ ಒಂದು ಕಡೆ ಚಪ್ಪಟೆ, ಇದಕ್ಕೆ ಹೋಗುವ ಡಿಬಿ ಸೂಜಿಯ ಬುಡ ಗುಂಡಗೆ. ಹೊಲಿಗೆಯೇ ಕಸುಬಾಗಿರುವವರಿಗೆ 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಉಪಕರಣಕ್ಕೆ 15,000 ರೂಪಾಯಿವರೆಗೆ ವೋಚರ್ ಇದೆ, ದರ್ಜಿ ಕೆಲಸವೂ ಅದರ 18 ಕಸುಬುಗಳಲ್ಲಿ ಒಂದು. ಅಂಥವರು ಈ ಕಡೆ ಯೋಚಿಸಬಹುದು. ಮನೆ ಮಟ್ಟಿಗೆ ಇದು ಬೇಡ.

ನಾದಿನಿ ಹೊಲಿಯುವುದು ಬ್ಲೌಸ್, ಲಂಗ, ನೈಟಿ. ಇರುವುದು ಕೊಪ್ಪದ ಹತ್ತಿರದ ಹಳ್ಳಿಯಲ್ಲಿ. ಅವಳಿಗೆ ಟೇಬಲ್, ಸ್ಟ್ಯಾಂಡ್ ಸಮೇತ ಕಪ್ಪು ಮಷಿನ್ ತಗೋ ಎಂದೆ. ಅಂಗಡಿಗೆ ಮೂರು ತುಂಡು ಬಟ್ಟೆ ಕೊಟ್ಟು ಕಳಿಸಿದೆ: ರುಬಿಯಾ, ಕ್ರೇಪ್, ಜೀನ್ಸ್. ಅಂಗಡಿಯವರು ತೋರಿಸುವುದು ಗಂಜಿ ಹಾಕಿದ ಗಟ್ಟಿ ಬಿಳಿ ಬಟ್ಟೆಯ ಮೇಲೆ, ಅದರ ಮೇಲೆ ಯಾವ ಮಷಿನ್ನೂ ಚೆನ್ನಾಗಿಯೇ ಹೊಲಿಯುತ್ತದೆ. ಮೇಲೆ ಕೆಂಪು ದಾರ, ಬಾಬಿನ್‌ಗೆ ಬಿಳಿ ದಾರ ಹಾಕಿಸಿ, ಹೊಲಿಗೆಯನ್ನು ತಿರುಗಿಸಿ ನೋಡು ಎಂದೆ. ಕೆಳಗಡೆ ಕೆಂಪು ಚುಕ್ಕೆ ಎದ್ದು ಕಂಡರೆ ಮೇಲಿನ ಟೆನ್ಷನ್, ಅಂದರೆ ದಾರದ ಬಿಗಿ, ಸಡಿಲ. ಅಲ್ಲೇ ಸರಿ ಮಾಡಿಸಿಕೊಂಡು ಬರಬೇಕು. ಚಕ್ರ ಹಿಡಿದು ಅಲ್ಲಾಡಿಸಿದರೆ ಲೊಡಲೊಡ ಎನ್ನಬಾರದು.

ಅವಳು ಎರಡು ಅಂಗಡಿ ನೋಡಿ, ಎರಡನೆಯದರಲ್ಲಿ 7,800ಕ್ಕೆ ಮುಗಿಸಿದಳು. ಉಳಿದ ದುಡ್ಡಿನಲ್ಲಿ ಮೋಟಾರ್ ತಗೊಂಡಿದ್ದಾಳೆ. ಮೆಕ್ಯಾನಿಕ್ ಭಾನುವಾರ ಬರುತ್ತಾರಂತೆ. ಕ್ರೇಪ್ ತುಂಡಿನ ಫೋಟೋ ಕಳಿಸಿದ್ದಳು, ಒಂದು ಸುಕ್ಕೂ ಇಲ್ಲ.