ಆಟಿಕೆ ತುಂಬಿಡಲು ಯಾವುದು ವಾಸಿ: ಬಟ್ಟೆಯ ಬಾಕ್ಸೋ, ಡ್ರಾಯರೋ, ತರಕಾರಿ ಕ್ರೇಟೋ?

ಮೊದಲೇ ಹೇಳಿಬಿಡುತ್ತೇನೆ. ನನ್ನ ಓಟು ತರಕಾರಿ ಅಂಗಡಿಯವರು ಮಾರುವ ಹಳೆ ಪ್ಲಾಸ್ಟಿಕ್ ಕ್ರೇಟಿಗೆ. ನೋಡಲು ಚಂದ ಇಲ್ಲ, ಒಪ್ಪುತ್ತೇನೆ. ಬಣ್ಣವೂ ಮಾಸಿದ ನೀಲಿ. ಆದರೆ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ನಮ್ಮ ಹೆಂಚಿನ ಮನೆಯಲ್ಲಿ ಮಳೆಗಾಲ ದಾಟಿಯೂ ತಂದ ದಿನದ ಹಾಗೇ ಉಳಿದದ್ದು ಅದೊಂದೇ.

ಮಗಳಿಗೆ ಏಳು ವರ್ಷ, ಮಗನಿಗೆ ಮೂರು. ಆಟಿಕೆ ನಾವು ತಂದದ್ದು ಕಡಿಮೆ, ತಾನಾಗಿ ಬಂದದ್ದೇ ಜಾಸ್ತಿ. ಗಲ್ಫಿನಿಂದ ಬರುವ ಮಾವಂದಿರು ಒಂದು ಕಡೆ, ಹುಟ್ಟುಹಬ್ಬ ಇನ್ನೊಂದು ಕಡೆ. ಕುಂಬಳೆ ಜಾತ್ರೆಯ ಬೆಡಿಗೆ (ಸಿಡಿಮದ್ದಿನ ಉತ್ಸವಕ್ಕೆ) ಹೋದರೆ ಪೀಪಿ, ಗಿರಗಿಟ್ಲೆ ಇಲ್ಲದೆ ಮನೆಗೆ ಬರುವ ಹಾಗಿಲ್ಲ. ಮಕ್ಕಳ ಕೋಣೆ ಎಂದು ಬೇರೆ ಇಲ್ಲ. ಚಾವಡಿಯ ಪಕ್ಕದ ಸಣ್ಣ ಕೋಣೆಯನ್ನೇ ಹಾಗೆ ಕರೆಯುತ್ತೇವೆ. ಅದರ ಅರ್ಧ ಭಾಗದಲ್ಲಿ ಇಸ್ತ್ರಿ ಮೇಜು, ಅಕ್ಕಿ ಡ್ರಮ್ಮು.

ಹೋಲಿಕೆಗೆ ಸಿಕ್ಕಿದ್ದು ಇಷ್ಟು. ಬೆಂಗಳೂರಿನ ನಾದಿನಿ ಉಡುಗೊರೆ ಕೊಟ್ಟ ಮಡಚುವ ಬಟ್ಟೆಯ ಬಾಕ್ಸುಗಳು. ಓಣಂ ಆಫರಿನಲ್ಲಿ 1,900 ರೂಪಾಯಿಗೆ ತಂದ ನಾಲ್ಕು ಅಂತಸ್ತಿನ ಪ್ಲಾಸ್ಟಿಕ್ ಡ್ರಾಯರ್. ಒಂದಕ್ಕೆ 150 ರೂಪಾಯಿಯ ಹಾಗೆ ತಂದ ಹಳೆ ಕ್ರೇಟುಗಳು. ಮತ್ತೆ ಹಳೆ ಬೆಡ್‌ಶೀಟಿನಿಂದ ಹೊಲಿಸಿದ ಒಂದು ಚೀಲ. ಉದ್ದ ಅಗಲ, ಎಷ್ಟು ಕಿಲೋ ತಡೆಯುತ್ತದೆ ಎಂಬುದೆಲ್ಲ ಅಂಗಡಿಯವರೇ ಹೇಳುತ್ತಾರೆ, ಅದನ್ನು ಬಿಡುವ.

ಬಟ್ಟೆಯ ಬಾಕ್ಸಿನ ಕಥೆಯನ್ನು ಮಾತ್ರ ಸ್ವಲ್ಪ ಉದ್ದಕ್ಕೆ ಹೇಳಬೇಕು. ಏಕೆಂದರೆ ಈಗ ಎಲ್ಲರ ಮೊಬೈಲಿನಲ್ಲೂ ಕಾಣುವುದು ಅದೇ. ಬಿಳಿ ಕಪಾಟು, ಖಾನೆಗೊಂದು ಬೂದು ಬಣ್ಣದ ಬಾಕ್ಸು, ಮುಂದೆ ಆನೆಯ ಚಿತ್ರ. ನಾದಿನಿಯ ಮನೆಯಲ್ಲಿ ಅದು ನಿಜವಾಗಿಯೂ ಹಾಗೇ ಇದೆ. ಬೇಸಗೆಯಲ್ಲಿ ನಮ್ಮಲ್ಲೂ ಹಾಗೇ ಇತ್ತು. ಮಗಳು ಗೊಂಬೆಗಳನ್ನು ಒಂದರಲ್ಲಿ, ಅಡಿಗೆ ಸಾಮಾನನ್ನು ಇನ್ನೊಂದರಲ್ಲಿ ಜೋಡಿಸಿ ಖುಷಿಪಟ್ಟಳು. ಹಗುರ, ಮಕ್ಕಳೇ ಎತ್ತಬಹುದು, ಮೂಲೆ ತಾಗಿ ಗಾಯ ಆಗುವುದಿಲ್ಲ.

ಜೂನ್ ಬಂತು. ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ. ಬೆಂಗಳೂರಿನಲ್ಲಿ ಅದರ ಮೂರನೇ ಒಂದು ಪಾಲು. ಈ ಬಾಕ್ಸು ಮಾಡಿದವರ ತಲೆಯಲ್ಲಿ ಇದ್ದದ್ದು ಒಣ ಊರು. ಮೇಲಿನ ಬಟ್ಟೆಗೆ ಏನೂ ಆಗುವುದಿಲ್ಲ. ಅದು ಬಟ್ಟೆಯ ಹಾಗೆ ಕಾಣುವ ಪ್ಲಾಸ್ಟಿಕ್ ನಾರು, ನೀರು ಹೀರುವುದಿಲ್ಲ. ಹೀರುವುದು ಅದರೊಳಗೆ ಗಟ್ಟಿಯಾಗಿ ನಿಲ್ಲಲಿಕ್ಕೆಂದು ಸೇರಿಸಿ ಹೊಲಿದ ರಟ್ಟು. ನೀರು ಬೀಳಬೇಕೆಂದೇ ಇಲ್ಲ, ಗಾಳಿಯ ಪಸೆ ಸಾಕು. ಮೊದಲು ತಳ ಉಬ್ಬಿತು. ಆಮೇಲೆ ಗೋಡೆಗೆ ತಾಗಿದ ಬದಿಯಲ್ಲಿ ಬೂದು ಹಸಿರು ಚುಕ್ಕೆಗಳು. ಆಮೇಲೆ ವಾಸನೆ. ಮಗಳ ಕರಡಿ ಗೊಂಬೆಯನ್ನು ಎತ್ತಿದರೆ ಮುಚ್ಚಿಟ್ಟ ಟ್ರಂಕಿನ ವಾಸನೆ. ಹಿಂದಿನಿಂದ ನೋಡಿದೆ, ಅದರ ಬೆನ್ನಿನ ರೋಮದಲ್ಲೂ ಬಿಳಿ ಬೂಷ್ಟು.

ತೊಳೆದರಾಯಿತು ಎನ್ನುತ್ತೀರಿ. ಅಲ್ಲೇ ಇರುವುದು ತೊಂದರೆ. ರಟ್ಟು ಒಳಗೆ ಇರುವಾಗ ತೊಳೆಯುವ ಹಾಗಿಲ್ಲ. ತೆಗೆಯಲು ಜಿಪ್ಪೂ ಇಲ್ಲ, ನಾಲ್ಕೂ ಕಡೆ ಹೊಲಿಗೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಚುಕ್ಕೆ ಹೋಗುತ್ತದೆ, ಎರಡು ದಿನ ಬಿಟ್ಟು ಅಲ್ಲಿಯೇ ಬರುತ್ತದೆ. ಬಿಸಿಲಿಗೆ ಇಡುವ ಎಂದರೆ ಜುಲೈಯಲ್ಲಿ ಬಿಸಿಲು ಎಲ್ಲಿ? ಒಂದು ಬಾಕ್ಸಿನ ಹೊಲಿಗೆಯನ್ನು ಬ್ಲೇಡಿನಲ್ಲಿ ಬಿಡಿಸಿ ನೋಡಿದೆ. ತಳದ ರಟ್ಟು ಪದರ ಪದರವಾಗಿ ಬಿಟ್ಟುಕೊಂಡು ಬೆರಳಿಗೇ ಅಂಟಿತು. ಅಂಗಡಿಯ ಚಿತ್ರದಲ್ಲಿ ಎಷ್ಟು ನೋಡಿದರೂ ಕಾಣದ ಸಂಗತಿ ಇದು. ವಿವರಣೆಯಲ್ಲಿ 'ಗಟ್ಟಿ ತಳ' ಎಂದು ಬರೆದಿರುತ್ತಾರೆ, ಏನಿನ ತಳ ಎಂದು ಬರೆಯುವುದಿಲ್ಲ.

"ನುಸಿಗುಳಿಗೆ ಹಾಕಿಡು, ಏನೂ ಬರ್ಲಿಕ್ಕಿಲ್ಲ" ಎಂದರು ಅತ್ತೆ. ನಾನು ಹಾಕಲಿಲ್ಲ. ಆ ನ್ಯಾಫ್ತಲಿನ್ ಗುಳಿಗೆ ಇರುವುದು ನುಸಿಗೆ, ಬೂಷ್ಟಿಗಲ್ಲ. ಅದಕ್ಕಿಂತ ಮುಖ್ಯ, ಮೂರು ವರ್ಷದ ಮಗು ಕೈ ಹಾಕುವ ಜಾಗದಲ್ಲಿ ಪೆಪ್ಪರ್‌ಮೆಂಟಿನ ಹಾಗೆ ಕಾಣುವ ಬಿಳಿ ಗುಳಿಗೆ ಇಡುವುದೆಂದರೆ ಹೇಗೆ? ನುಂಗಿದರೆ ವಿಷ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಲ್ಲಂತೂ ಕೆಂಪು ರಕ್ತಕಣಗಳೇ ಒಡೆಯುತ್ತವೆ. ಆ ಕೊರತೆ ಇದೆಯೋ ಇಲ್ಲವೋ ಎಂದು ಎಷ್ಟು ಮನೆಯವರಿಗೆ ಗೊತ್ತಿರುತ್ತದೆ? ಅತ್ತೆಗೆ ಇದನ್ನು ಹೇಳಿದ ಮೇಲೆ ಅವರ ಸೀರೆಯ ಕಪಾಟಿಗೂ ಬೀಗ ಬಿತ್ತು.

ಕರಡಿಯನ್ನು ಸೋಪಿನಲ್ಲಿ ತೊಳೆದು ಬಚ್ಚಲೊಲೆಯ ಮೇಲಿನ ಹಗ್ಗದಲ್ಲಿ ಕಿವಿಗೆ ಕ್ಲಿಪ್ ಹಾಕಿ ನೇತುಹಾಕಿದೆವು. ಮಳೆಗಾಲದಲ್ಲಿ ನಮ್ಮಲ್ಲಿ ಒಳಬಟ್ಟೆಗಳು ಒಣಗುವುದೂ ಅಲ್ಲಿಯೇ. ಬೂಷ್ಟಿನ ವಾಸನೆ ಹೋಗಿ ಅಡಿಕೆ ಸಿಪ್ಪೆಯ ಹೊಗೆ ವಾಸನೆ ಬಂತು. ಮಗಳಿಗೆ ಅದೇ ಇಷ್ಟವಾಯಿತು, ನನಗೆ ಮಾತ್ರ ಸಾಕುಬೇಕಾಯಿತು.

ಸರಿ, ಡ್ರಾಯರಿಗೆ ಬರುವ. ಬೂಷ್ಟಿನ ಲೆಕ್ಕದಲ್ಲಿ ಇದು ಪಾಸು. ಪೂರ್ತಿ ಪ್ಲಾಸ್ಟಿಕ್, ಒರೆಸಿದರೆ ಸ್ವಚ್ಛ, ಧೂಳು ಒಳಗೆ ಹೋಗುವುದಿಲ್ಲ. ಕ್ರೇಯಾನು, ಪಜಲ್ ತುಂಡು, ಮಣಿ, ಸ್ಟಿಕ್ಕರಿನಂಥ ಸಣ್ಣ ಸಾಮಾನಿಗೆ ಇದರಷ್ಟು ಅನುಕೂಲ ಬೇರೆ ಯಾವುದೂ ಅಲ್ಲ. ಆದರೆ ಜೆಸಿಬಿ ಆಟಿಕೆ ಒಳಗೆ ಇಟ್ಟರೆ ಅದರ ಕೈ ಮೇಲಿನ ಖಾನೆಗೆ ಸಿಕ್ಕಿಕೊಳ್ಳುತ್ತದೆ. ಮಗ ಎಳೆಯುತ್ತಾನೆ, ಬರುವುದಿಲ್ಲ, ಇನ್ನೂ ಜೋರಾಗಿ ಎಳೆಯುತ್ತಾನೆ. ಇಡೀ ಸ್ಟ್ಯಾಂಡೇ ಮುಂದಕ್ಕೆ ವಾಲುತ್ತದೆ. ಕೆಳಗಿನ ಖಾನೆ ತೆರೆದು ಅದನ್ನು ಮೆಟ್ಟಿಲು ಮಾಡಿಕೊಂಡು ಹತ್ತುವುದನ್ನೂ ಕಲಿತಿದ್ದಾನೆ.

ಗೋಡೆಗೆ ಬಿಗಿದರೆ ಸರಿಯಾಗುತ್ತದೆ, ಬಿಗಿಯಲೇಬೇಕು ಕೂಡ. ಆದರೆ ನಮ್ಮದು ಕೆಂಪುಕಲ್ಲಿನ ಹಳೆ ಗೋಡೆ. ಡ್ರಿಲ್ ಇಟ್ಟರೆ ತೂತು ಬೀಳುವುದಿಲ್ಲ, ಹೊಂಡ ಬೀಳುತ್ತದೆ. ಸ್ಕ್ರೂ ಹಾಕಿದರೆ ಕೆಂಪು ಹುಡಿಯ ಸಮೇತ ಹೊರಗೆ ಬರುತ್ತದೆ. ಕೊನೆಗೆ ಕಿಟಕಿಯ ಸರಳಿಗೆ ನೈಲಾನ್ ಹಗ್ಗದಿಂದ ಕಟ್ಟಿ, ಭಾರದ ಸಾಮಾನನ್ನೆಲ್ಲ ಕೆಳಗಿನ ಖಾನೆಗೆ ಇಳಿಸಿದೆವು. ಸಿಮೆಂಟ್ ಗೋಡೆ ಇದ್ದವರಿಗೆ, ಮಕ್ಕಳು ಹತ್ತುವ ವಯಸ್ಸು ದಾಟಿದವರಿಗೆ ಡ್ರಾಯರ್ ಒಳ್ಳೆಯದೇ. ದುಡ್ಡು ಮಾತ್ರ ನೋಡಿ. ಅದೇ 1,900 ರೂಪಾಯಿಗೆ ಹನ್ನೆರಡು ಕ್ರೇಟು ಬಂದು ನೂರು ರೂಪಾಯಿ ಉಳಿಯುತ್ತದೆ.

ಬೆತ್ತದ ಬುಟ್ಟಿ ತರಲಿಲ್ಲ. ಚಂದ ಉಂಟು, ರೇಟೂ ಉಂಟು, ಬೂಷ್ಟೂ ಉಂಟು.

ಅಂಗಡಿಯಿಂದ ಪುಕ್ಕಟೆ ಸಿಗುವ ರಟ್ಟಿನ ಪೆಟ್ಟಿಗೆಯ ಬಗ್ಗೆ ಕೇಳಲೇಬೇಡಿ. ಮಳೆಗಾಲದಲ್ಲಿ ಪಸೆ, ಬೇಸಗೆಯಲ್ಲಿ ಗೆದ್ದಲು.

ಬೆಡ್‌ಶೀಟ್ ಚೀಲದ ಮೇಲೆ ನನಗೆ ಪ್ರೀತಿ. ದುಂಡಗೆ ಕತ್ತರಿಸಿ, ಅಂಚಿನಲ್ಲಿ ದಾರ ಪೋಣಿಸಿ ಹೊಲಿದಿದ್ದಾರೆ. ಹರಡಿದರೆ ಚಾಪೆ, ಎಳೆದರೆ ಚೀಲ. ಬ್ಲಾಕ್ಸ್ ಎಲ್ಲ ಅದರ ಮೇಲೆಯೇ ಸುರಿದು ಆಡುತ್ತಾರೆ, ಮುಗಿದ ಮೇಲೆ ಒಂದೇ ಎಳೆತ. ಟೈಲರಿಗೆ ಕೊಟ್ಟದ್ದು 60 ರೂಪಾಯಿ. ಸಣ್ಣ ಮಕ್ಕಳಿರುವ ಮನೆಯಲ್ಲಿ ದಾರ ಕುತ್ತಿಗೆಗೆ ಸುತ್ತಿಕೊಳ್ಳುವ ಭಯ ಇದೆ. ಆದ್ದರಿಂದ ಆಟ ಆದ ಕೂಡಲೇ ಕೈಗೆಟುಕದ ಎತ್ತರದ ಮೊಳೆಗೆ ನೇತುಹಾಕಬೇಕು.

ಈಗ ಕ್ರೇಟು. ಇದು ಟೊಮೆಟೊ, ಮಾವಿನಹಣ್ಣು ಬರುವ ಕ್ರೇಟು. ಲಾರಿಯಲ್ಲಿ ಎಸೆದಾಡಿದರೂ ಒಡೆಯದ ಹಾಗೆ ಮಾಡಿದ್ದು, ನನ್ನ ಮಗನಿಂದ ಏನಾದೀತು? ಒಳಗೆ ಹತ್ತಿ ಕುಳಿತು ಬಸ್ಸು ಮಾಡುತ್ತಾನೆ, ಅಕ್ಕನ ಗೊಂಬೆಯನ್ನು ಕೂರಿಸಿ ಅಂಗಳದಲ್ಲಿ ಎಳೆಯುತ್ತಾನೆ. ಸುತ್ತಲೂ ಕಿಂಡಿ ಇರುವುದರಿಂದ ಗಾಳಿ ಆಡುತ್ತದೆ. ಕಳೆದ ಆಟಿ ತಿಂಗಳಿನಲ್ಲಿ (ಜುಲೈ-ಆಗಸ್ಟ್) ಹೆಂಚು ಸೋರಿ ನೇರ ಒಂದು ಕ್ರೇಟಿನ ಮೇಲೆಯೇ ನೀರು ಬಿತ್ತು. ನೀರು ತಳದಿಂದ ಇಳಿದು ಹೋಯಿತು. ಆಟಿಕೆ ಒರೆಸಿ ಪುನಃ ಹಾಕಿದೆವು, ಅಷ್ಟೆ. ಒಳಗೆ ಏನಿದೆ ಎಂದು ಹೊರಗಿನಿಂದಲೇ ಕಾಣುವುದು ಇನ್ನೊಂದು ಲಾಭ. ಚೀಟಿ ಅಂಟಿಸುವುದು ಬೇಡ, ಓದಲು ಬಾರದ ಮಗನಿಗೂ ಗೊತ್ತಾಗುತ್ತದೆ. ಮುಚ್ಚಳ ಇಲ್ಲದ ಕಾರಣ ಬೆರಳು ಜಜ್ಜುವ ಪ್ರಶ್ನೆಯೂ ಇಲ್ಲ.

ಕುಂದು ಇಲ್ಲವೆಂದಲ್ಲ. ಕಿಂಡಿಯಿಂದ ಗೋಲಿ, ಸಣ್ಣ ಕಾರು ಹೊರಗೆ ಬೀಳುತ್ತವೆ. ತಳಕ್ಕೆ ಹಳೆ ಪ್ಲಾಸ್ಟಿಕ್ ಚಾಪೆಯ ತುಂಡು ಹಾಸಿದರೆ ಅದು ನಿಲ್ಲುತ್ತದೆ. ಒಂದರ ಮೇಲೊಂದು ಇಟ್ಟರೆ ಕೆಳಗಿನದು ಮಕ್ಕಳಿಗೆ ಸಿಗುವುದಿಲ್ಲ, ಬಗ್ಗಿ ಎತ್ತುವ ಕೆಲಸ ನಮಗೆ. ನಾನು ಪೇರಿಸುವುದೇ ಇಲ್ಲ, ಗೋಡೆಯುದ್ದಕ್ಕೂ ಸಾಲಾಗಿ ಇಟ್ಟಿದ್ದೇನೆ. ಜಾಗ ಜಾಸ್ತಿ ಬೇಕು, ಹೌದು. ಮತ್ತೆ, ಮೀನಿನ ಕ್ರೇಟು ಕಡಿಮೆಗೆ ಸಿಗುತ್ತದೆಂದು ತರಬೇಡಿ. ನೋಡಲು ಅದೂ ಇದೂ ಒಂದೇ. ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿದರೂ ಬಂಗುಡೆ ಬಂಗುಡೆಯೇ.

ಯಾವ ಡಬ್ಬಿ ತಂದರೂ ಆಟಿಕೆ ಕಡಿಮೆ ಮಾಡದಿದ್ದರೆ ಏನೂ ಪ್ರಯೋಜನ ಇಲ್ಲ. ಅಮೆರಿಕದ ಟೊಲಿಡೊ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. 36 ಪುಟ್ಟ ಮಕ್ಕಳಿಗೆ ಒಮ್ಮೆ 4 ಆಟಿಕೆ, ಇನ್ನೊಮ್ಮೆ 16 ಆಟಿಕೆ ಕೊಟ್ಟು ನೋಡಿದರು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರಲ್ಲೂ ಹೆಚ್ಚು ಹೊತ್ತು, ಬೇರೆ ಬೇರೆ ರೀತಿಯಲ್ಲಿ ಆಡಿದರು. ನಾನು ನಾಲ್ಕಕ್ಕೆ ಇಳಿಸಿಲ್ಲ, ಅಷ್ಟು ಧೈರ್ಯ ಇಲ್ಲ. ಎರಡು ಕ್ರೇಟು ಕೆಳಗೆ, ಉಳಿದದ್ದು ಅಟ್ಟದಲ್ಲಿ, ಅಡಿಕೆ ಗೋಣಿಯ ಪಕ್ಕ. ಕೆಳಗಿನದರಲ್ಲಿ ಬೇಜಾರು ಬಂತೆಂದರೆ ಅದಲು ಬದಲು. ಅಟ್ಟದಿಂದ ಇಳಿದದ್ದೆಲ್ಲ ಅವರಿಗೆ ಹೊಸ ಆಟಿಕೆ. ಬಟ್ಟೆಯ ಬಾಕ್ಸನ್ನು ಅಟ್ಟಕ್ಕೆ ಏರಿಸಿದ್ದರೆ ಇಲಿ ಬಿಡುತ್ತಿತ್ತೇ?

ವಿಂಗಡಿಸುವಾಗ ಮೂರು ಪಾಲು ಮಾಡಿದೆ. ಗಟ್ಟಿ ಇದ್ದದ್ದನ್ನು ತೊಳೆದು ಹತ್ತಿರದ ಅಂಗನವಾಡಿಗೆ ಕೊಟ್ಟೆವು. ಮೊದಲು ಟೀಚರನ್ನು ಕೇಳಿ, ಬೇಕೆಂದದ್ದನ್ನು ಮಾತ್ರ. ಮುರಿದ ಪ್ಲಾಸ್ಟಿಕ್ಕನ್ನು ಹರಿತ ಕರ್ಮಸೇನೆಯವರಿಗೆ. ಕೇರಳದಲ್ಲಿ ಮನೆ ಮನೆಗೆ ಬಂದು, ಗೇಟಿನ ಹತ್ತಿರ ಅಂಟಿಸಿದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪ್ಲಾಸ್ಟಿಕ್ ಒಯ್ಯುವವರು ಇವರು. ಪಂಚಾಯತಿನ ಮನೆಗಳಿಗೆ ತಿಂಗಳಿಗೆ 50 ರೂಪಾಯಿ. ತೊಳೆದು ಒಣಗಿಸಿ ಕೊಡಬೇಕು, ಸೆಲ್ ಇದ್ದರೆ ಬಿಚ್ಚಿ ಬೇರೆ ಇಡಬೇಕು. ಬಟನ್ ಸೆಲ್ ಇರುವ ಆಟಿಕೆ ಕಂಡರೆ ಸ್ಕ್ರೂ ಬಿಗಿ ಇದೆಯಾ ನೋಡಿ. ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡುವಷ್ಟು ಅಪಾಯ ಅದು. ಮೂರನೇ ಪಾಲು, ಅತ್ತೆ "ಅದು ಇರ್ಲಿ, ಯಾರಿಗಾದ್ರೂ ಬೇಕಾಗ್ತದೆ" ಎಂದು ಹಿಂದೆ ತೆಗೆದಿಟ್ಟದ್ದು. ಅದಕ್ಕೂ ಒಂದು ಕ್ರೇಟು ಕೊಟ್ಟಿದ್ದೇನೆ. ಜಗಳಕ್ಕಿಂತ 150 ರೂಪಾಯಿ ವಾಸಿ.

ನಾನು ಚೀಟಿ ಅಂಟಿಸುವವಳಲ್ಲ, ಮಡಚಿ ಇಡುವವಳೂ ಅಲ್ಲ. ಸಂಜೆ ದೀಪ ಹಚ್ಚುವ ಮೊದಲು ನೆಲದಲ್ಲಿ ಏನೂ ಇರಬಾರದು, ಹಿಡಿಸೂಡಿ (ಪೊರಕೆ) ಸರಾಗ ಹೋಗಬೇಕು, ಅಷ್ಟೇ ನನ್ನ ಬೇಡಿಕೆ. ಮಕ್ಕಳು ದೂರದಿಂದಲೇ ಎಸೆದರೂ ಬೀಳುವಷ್ಟು ದೊಡ್ಡ ಬಾಯಿ ಕ್ರೇಟಿಗಿದೆ. ಚಂದವಾಗಿ ಜೋಡಿಸುವ ಹವ್ಯಾಸ ಇರುವವರಿಗೆ, ಕಾಂಕ್ರೀಟ್ ಮನೆಯವರಿಗೆ ಡ್ರಾಯರ್ ಹಿಡಿಸೀತು. ಘಟ್ಟದ ಮೇಲಿನ ಒಣ ಊರಿನವರು ಬಟ್ಟೆಯ ಬಾಕ್ಸನ್ನೂ ಧಾರಾಳ ತರಬಹುದು. ಘಟ್ಟದ ಕೆಳಗಿನವರು ತರುವುದೇ ಆದರೆ ತಳ ಬಿಚ್ಚಲು ಬರುತ್ತದಾ ಎಂದು ಕೇಳಿ ತನ್ನಿ.

ಕ್ರೇಟು ತರುವವರು ಮೇ ತಿಂಗಳಲ್ಲೇ ತಂದುಬಿಡಿ. ತೊಳೆದು ಅಂಗಳದಲ್ಲಿ ಕವುಚಿ ಹಾಕಿದರೆ ಒಂದೇ ಬಿಸಿಲಿಗೆ ಒಣಗುತ್ತದೆ. ಕೊಳ್ಳುವಾಗ ತಲೆಕೆಳಗು ಮಾಡಿ ನಾಲ್ಕೂ ಮೂಲೆ ನೋಡಿ. ಬಿರುಕು ಬರುವುದು ಅಲ್ಲಿಯೇ, ಒಡೆದ ಪ್ಲಾಸ್ಟಿಕ್ಕಿನ ಅಂಚು ಮಕ್ಕಳ ಕೈ ಗೀರುತ್ತದೆ. ಹಿಡಿಯುವ ಜಾಗದಲ್ಲಿ ಒರಟು ಇದ್ದರೆ ಮರಳು ಕಾಗದದಿಂದ ಎರಡು ಸಲ ಉಜ್ಜಿದರೆ ಸಾಕು.