ಅಚ್ಚಿನ ಪಂಚಾಂಗನಾ, ಮೊಬೈಲ್ ಆ್ಯಪಾ?

ಬರೀ ರಾಹುಕಾಲ ನೋಡೋಕೆ ಅಂದ್ರೆ ಆ್ಯಪೇ ಸಾಕು, ಯಾಕಂದ್ರೆ ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹೊತ್ತನ್ನ 8 ಭಾಗ ಮಾಡಿ ಸೋಮವಾರಕ್ಕೆ 2ನೇದು, ಭಾನುವಾರಕ್ಕೆ 8ನೇದು ಅಂತ ಲೆಕ್ಕ, ಗೋಡೆ ಕ್ಯಾಲೆಂಡರಲ್ಲಿರೋ ಸೋಮವಾರದ 7:30ರಿಂದ 9 ಅನ್ನೋದು 6ಕ್ಕೆ ಸೂರ್ಯ ಹುಟ್ಟಿ 6ಕ್ಕೆ ಮುಳುಗೋ ದಿನಕ್ಕೆ ಮಾತ್ರ ಸರಿಯಾಗಿ ಕೂರುತ್ತೆ. ಆ್ಯಪಲ್ಲಿ ನಿಮ್ಮೂರು ಸೆಟ್ ಮಾಡೋದು ಮರೀಬೇಡಿ.

ಆದ್ರೆ ಮದುವೆ, ಗೃಹಪ್ರವೇಶ, ಶ್ರಾದ್ಧದ ತಿಥಿ ಅಂದ್ರೆ ಮನೇಲಿ ಮೊದಲಿಂದ ಅನುಸರಿಸೋ ಪಂಚಾಂಗನೇ ಹಿಡೀರಿ. ಹೆಚ್ಚಿನ ಆ್ಯಪ್‌ಗಳು ದೃಗ್ಗಣಿತದ್ದು (ಆಕಾಶದಲ್ಲಿ ನಿಜವಾಗಿ ಕಾಣೋ ಸೂರ್ಯ-ಚಂದ್ರರ ಸ್ಥಾನಕ್ಕೆ ಹೊಂದೋ ಲೆಕ್ಕ), ಸೂರ್ಯಸಿದ್ಧಾಂತ ಅನ್ನೋ ಹಳೇ ಗ್ರಂಥದ ಲೆಕ್ಕದ ಪಂಚಾಂಗಕ್ಕೂ ಅದಕ್ಕೂ ತಿಥಿ ಮುಗಿಯೋ ಹೊತ್ತಲ್ಲಿ ಗಂಟೆಗಟ್ಟಲೆ ವ್ಯತ್ಯಾಸ ಬರಬಹುದು, ಏಕಾದಶಿ ಕೆಲವು ಸಲ ಒಂದು ದಿನ ಆಚೀಚೆ ಆಗೋದು ಹಿಂಗೇನೇ. ದಯವಿಟ್ಟು ಎರಡನ್ನೂ ಬೆರೆಸ್ಬೇಡಿ. ತಾರಾಬಲ (ನಿಮ್ಮ ಜನ್ಮನಕ್ಷತ್ರಕ್ಕೆ ಆ ದಿನದ ನಕ್ಷತ್ರ ಹೊಂದುತ್ತಾ ಅನ್ನೋದು), ಲಗ್ನಶುದ್ಧಿ (ಮುಹೂರ್ತದ ಲಗ್ನಕ್ಕೆ ದೋಷ ಇಲ್ವಾ ಅನ್ನೋದು) ನೋಡಿಸೋದಾದ್ರೆ ಪುರೋಹಿತ್ರನ್ನೇ ಕೇಳಿ.