ದುಡ್ಡು ಕೊಟ್ಟ ದನಿ, ಪುಕ್ಕಟೆ ದನಿ: ವರ್ಷಗಟ್ಟಲೆ ಎರಡನ್ನೂ ಬಳಸಿದ ಮೇಲೆ

ನನಗೆ ಕಣ್ಣು ಕಾಣುವುದಿಲ್ಲ. ಕಂಪ್ಯೂಟರಿನ ಕೆಲಸವೆಲ್ಲ ಎನ್‌ವಿಡಿಎ ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರ್, ಇಟ್ಟುಕೊಂಡೇ ನಡೆಯುತ್ತದೆ. ಅದನ್ನು ನಾನು ಹೊಸದಾಗಿ ಹೊಗಳಬೇಕಾಗಿಲ್ಲ. ಇಲ್ಲಿ ಬರೆಯುತ್ತಿರುವುದು ಅದಕ್ಕೆ ಹಾಕಿಕೊಂಡ ದನಿಗಳ ಬಗ್ಗೆ, ಅದರಲ್ಲೂ ದುಡ್ಡು ಕೊಟ್ಟು ತಗೊಂಡ ಒಂದು ದನಿಯ ಲೈಸೆನ್ಸ್ ಬಗ್ಗೆ.

ದನಿ ಮಾತ್ರ ನಿಜಕ್ಕೂ ಚೆನ್ನಾಗಿದೆ. ರಾತ್ರಿ ಕೆಲಸವೆಲ್ಲ ಮುಗಿದ ಮೇಲೆ ಒಂದು ಕಾದಂಬರಿ ತೆರೆಯುತ್ತೇನೆ. ಎನ್‌ವಿಡಿಎಗೆ ಮೀಸಲಾದ ಕೀ ಹಿಡಿದು ಕೆಳಬಾಣ ಒತ್ತಿ, ಅದು ಓದುತ್ತಾ ಹೋಗುವಾಗ ಹಿಂದಕ್ಕೆ ಒರಗಿ ಕೂತುಬಿಡುತ್ತೇನೆ. ಪಕ್ಕದಲ್ಲಿ ಯಾರೋ ಕೂತು ಓದುತ್ತಿದ್ದಾರೆ ಅನ್ನಿಸುತ್ತದೆ. ಪ್ರಶ್ನೆ ಬಂದರೆ ದನಿ ಮೇಲೇರುತ್ತದೆ, ಅಲ್ಪವಿರಾಮ ಬಂದರೆ ಸ್ವಲ್ಪ ನಿಲ್ಲುತ್ತದೆ. ಅಧ್ಯಾಯ ಮುಗಿದದ್ದೇ ಗೊತ್ತಾಗುವುದಿಲ್ಲ.

ಹಗಲಿನ ಕೆಲಸಕ್ಕೆ ಇದು ಆಗಿಬರುವುದಿಲ್ಲ. ಕೀ ಒತ್ತಿದ ಮೇಲೆ ಮಾತು ಶುರುವಾಗಲು ಒಂಚೂರು ತಡ. ಚೂರೇ ಇರಬಹುದು, ಆದರೆ ನಾವು ಅಕ್ಷರ ಅಕ್ಷರಕ್ಕೂ ದನಿ ಕೇಳಿಸಿಕೊಳ್ಳುವವರು ಅಲ್ವಾ? ಉದ್ದದ ಫೈಲ್ ಪಟ್ಟಿಯಲ್ಲಿ ಬಾಣದ ಕೀ ಒತ್ತುತ್ತಾ ಇಳಿಯುವಾಗ ಪ್ರತಿ ಹೆಸರಿಗೂ ಕಾಯಬೇಕು. ವೇಗ ಜಾಸ್ತಿ ಮಾಡಿದರೆ ಪದಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಹಾಗಾಗಿ ಹಗಲೆಲ್ಲ ಇ-ಸ್ಪೀಕ್ ಎನ್‌ಜಿ ಅನ್ನುವ ಪುಕ್ಕಟೆ ದನಿ. ಇದು ಎನ್‌ವಿಡಿಎ ಜೊತೆಗೇ ಬರುತ್ತದೆ, ಕನ್ನಡವನ್ನೂ ಓದುತ್ತದೆ. ಮೊದಲ ಸಲ ಕೇಳಿದವರಿಗೆ ತಗಡು ಬಡಿದ ಹಾಗೆ ಅನ್ನಿಸುತ್ತದೆ. ಮನುಷ್ಯರ ದನಿ ರೆಕಾರ್ಡ್ ಮಾಡಿ ಕತ್ತರಿಸಿ ಜೋಡಿಸಿದ್ದಲ್ಲ ಇದು, ಶಬ್ದವನ್ನು ಲೆಕ್ಕ ಹಾಕಿಯೇ ಹುಟ್ಟಿಸುತ್ತದೆ. ಅದಕ್ಕೇ ಗಾತ್ರ ಪುಟ್ಟದು, ಒತ್ತಿದ ತಕ್ಷಣ ಮಾತು, ಎಷ್ಟು ಓಡಿಸಿದರೂ ಅಕ್ಷರ ಬಿಡಿಬಿಡಿ. ಕಿವಿ ಪಳಗಿದ ಮೇಲೆ ಕಂಟ್ರೋಲ್ ಕೀಯಿಂದ ಅರ್ಧಕ್ಕೆ ಬಾಯಿ ಮುಚ್ಚಿಸಿ ಮುಂದಿನ ಸಾಲಿಗೆ ಹಾರುವುದೇ ಒಂದು ಖುಷಿ.

ಇಷ್ಟರಲ್ಲೇ ಇದ್ದಿದ್ದರೆ ಎರಡಕ್ಕೂ ಒಳ್ಳೆಯ ಅಂಕ ಕೊಡುತ್ತಿದ್ದೆ. ಆದರೆ ಹಾರ್ಡ್ ಡಿಸ್ಕ್ ಕೆಟ್ಟಿತು. ಹೊಸದು ಹಾಕಿ, ವಿಂಡೋಸ್ ಮತ್ತೆ ಇನ್‌ಸ್ಟಾಲ್ ಮಾಡಿಸಿ ದನಿ ಹಾಕಲು ಹೋದರೆ, ನಿಮ್ಮ ಆಕ್ಟಿವೇಶನ್ (ಇಂತಿಷ್ಟೇ ಕಂಪ್ಯೂಟರಿಗೆ ಅಂತ ಕೊಡುವ ಅನುಮತಿ) ಮುಗಿದಿದೆ ಅಂದಿತು. ಅದರ ಲೆಕ್ಕದಲ್ಲಿ ಇದು ಬೇರೆ ಕಂಪ್ಯೂಟರ್. ಹಳೆಯದರಲ್ಲಿ ಡಿ-ಆಕ್ಟಿವೇಟ್ ಮಾಡಿ ಬನ್ನಿ ಅನ್ನುತ್ತದೆ. ಸತ್ತ ಡಿಸ್ಕಿನಲ್ಲಿ ಎಲ್ಲಿಂದ ಮಾಡುವುದು? ಅದಕ್ಕಿಂತ ಸಿಟ್ಟು ಬಂದದ್ದು ಪರದೆಯ ಮೇಲಿನ ಆ ಆಕ್ಟಿವೇಶನ್ ಕಿಟಕಿ ನೋಡಿ. ಟ್ಯಾಬ್ ಒತ್ತಿದರೆ "ಬಟನ್", ಇನ್ನೊಮ್ಮೆ ಒತ್ತಿದರೆ ಮತ್ತೆ "ಬಟನ್". ಯಾವುದಕ್ಕೂ ಹೆಸರಿಲ್ಲ. ಕುರುಡರಿಗೆ ಅಂತಲೇ ಮಾರುವ ದನಿ ಇದು! ಮೇಲ್ ಬರೆದು, ರಸೀದಿ ಕಳಿಸಿ, ಉತ್ತರಕ್ಕೆ ಕಾದ ಮೇಲೆ ಆಕ್ಟಿವೇಶನ್ ಮತ್ತೆ ತೆರೆದುಕೊಟ್ಟರು. ಅಷ್ಟೂ ದಿನ ಮೇಲ್ ಬರೆಯಲು, ಓದಲು ನೆರವಾದದ್ದು ಇ-ಸ್ಪೀಕ್. ಅದಿಲ್ಲದಿದ್ದರೆ ದೂರು ಕೊಡಲೂ ಯಾರನ್ನಾದರೂ ಕರೆದು ಕೂರಿಸಬೇಕಿತ್ತು.

ಇ-ಸ್ಪೀಕ್ ಎನ್‌ಜಿಗೂ ಎನ್‌ವಿಡಿಎಗೂ ಜಿಪಿಎಲ್ ಲೈಸೆನ್ಸ್, ಅಂದರೆ ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ಆಕ್ಟಿವೇಶನ್ ಅನ್ನುವುದೇ ಇಲ್ಲ. ಪೆನ್ ಡ್ರೈವಿನಲ್ಲಿ ಇನ್‌ಸ್ಟಾಲ್ ಮಾಡದೆಯೇ ನಡೆಯುವ ಪೋರ್ಟಬಲ್ ಕಾಪಿ ಇಟ್ಟುಕೊಂಡು ಯಾವ ವಿಂಡೋಸ್ ಕಂಪ್ಯೂಟರಿಗೆ ಹಾಕಿದರೂ ಮಾತಾಡುತ್ತದೆ. ಮಾಡಿದವರು ಬಿಟ್ಟುಹೋದರೂ ಇನ್ನೊಬ್ಬರು ಮುಂದುವರಿಸಬಹುದು. ಹಳೆಯ ಇ-ಸ್ಪೀಕ್‌ನಿಂದ ಎನ್‌ಜಿ ಹುಟ್ಟಿದ್ದೇ ಹಾಗೆ. ಮೂಲ ಕೋಡ್ ಯಾರಿಗೂ ಕೊಡದ ಸಾಫ್ಟ್‌ವೇರಿಗೆ ಆ ಭಾಗ್ಯ ಇಲ್ಲ. ನಮ್ಮಲ್ಲಿ ಎಷ್ಟೋ ಜನ ಪ್ರಾಣಕ್ಕಿಂತ ಹೆಚ್ಚು ಇಷ್ಟಪಡುವ ಎಲೊಕ್ವೆನ್ಸ್ ಅನ್ನುವ ದನಿ ಕಂಪನಿಯಿಂದ ಕಂಪನಿಗೆ ಕೈ ಬದಲಾಯಿಸುತ್ತಾ ಬಂದಿದೆ. 2022ರಲ್ಲಿ ಐಫೋನಿನ ಐಒಎಸ್ 16ಕ್ಕೆ ಅದು ಬಂದಾಗ ಆದ ಸಂಭ್ರಮ ದೊಡ್ಡದು. ಆದರೆ ಎಲ್ಲಿ ಸಿಗಬೇಕು, ಎಲ್ಲಿ ಬೇಡ ಅನ್ನುವುದು ಇವತ್ತಿಗೂ ಬಳಸುವವರ ಕೈಯಲ್ಲಿಲ್ಲ.

ಇಷ್ಟಾದರೂ ಕೊಂಡ ದನಿಯನ್ನು ತೆಗೆದುಹಾಕಿಲ್ಲ. ಕಾದಂಬರಿಗೆ ಅದೇ ಬೇಕು. ನೀವೂ ಕೊಳ್ಳುವುದಾದರೆ ಮೊದಲು ಟ್ರಯಲ್ ಹಾಕಿ, ಆಕ್ಟಿವೇಶನ್ ಕಿಟಕಿಯನ್ನು ಟ್ಯಾಬ್ ಒತ್ತಿ ಪೂರ್ತಿ ಸುತ್ತಿ ನೋಡಿ. ಕೆಟ್ಟುಹೋದ ಕಂಪ್ಯೂಟರನ್ನು ವೆಬ್‌ಸೈಟಿನಿಂದಲೇ ಪಟ್ಟಿಯಿಂದ ತೆಗೆಯಬಹುದಾ, ಪೋರ್ಟಬಲ್ ಕಾಪಿಯಲ್ಲಿ ನಡೆಯುತ್ತದಾ ಅಂತ ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ. ಇನ್ನೊಂದು ಭಾಷೆಗೂ ಅದೇ ಕಂಪನಿಯ ದನಿ ತಗೋಬೇಕು ಅಂತಿದ್ದೆ. ಆ ದುಡ್ಡನ್ನು ಎನ್‌ವಿಡಿಎ ಮಾಡುವ ಎನ್‌ವಿ ಆಕ್ಸೆಸ್ ಸಂಸ್ಥೆಗೆ ದೇಣಿಗೆ ಕೊಟ್ಟೆ.